ಕಾಲುಚೀಲ ಹಾಕಿಕೊಂಡು ಉಂಡವನು

“ಇನ್ನೂ ಕೆಳಗೆ, ಬುಡನ್‌ಸಾಬ್ರೇ. ತಳ ಮುಟ್ಟಿ.”

ತಳ ಮುಟ್ಟಲು ನನಗೇನು ಆನೆಯ ಸೊಂಡಿಲಿತ್ತೇ? ಹೊನ್ನಾಳಿ ಬಸ್ ನಿಲ್ದಾಣದ ಎದುರಿನ ಕೂಲ್ ಬಾರಿನಲ್ಲಿ, ಐಸ್‌ಕ್ರೀಮ್ ಪೆಟ್ಟಿಗೆಯ ಅಂಚಿಗೆ ಹೊಟ್ಟೆ ಒತ್ತಿಕೊಂಡು, ಭುಜದವರೆಗೆ ಕೈ ಇಳಿಸಿ ನಿಂತಿದ್ದೆ. ಮೇಲೆ ಮ್ಯಾಂಗೋ ಕ್ಯಾಂಡಿ, ಅದರ ಕೆಳಗೆ ಕುಲ್ಫಿ. ಅದರ ಕೆಳಗೇನಿದೆ ಎಂಬುದು ಅಂಗಡಿಯ ಫಯಾಜನಿಗೂ ನೆನಪಿದ್ದಂತಿರಲಿಲ್ಲ. ಮೂವತ್ತೊಂದು ವರ್ಷದ ಪೊಲೀಸ್ ಕೆಲಸದಲ್ಲಿ ಬಾವಿಗೆ ಇಳಿದಿದ್ದೇನೆ, ಕಾಳು ತುಂಬುವ ಹಗೇವಿಗೆ ಇಳಿದಿದ್ದೇನೆ. ಐಸ್‌ಕ್ರೀಮಿಗೆ ಇಳಿದದ್ದು ಇದೇ ಮೊದಲು.

ಬೆರಳಿಗೆ ಗಟ್ಟಿಯಾದದ್ದೊಂದು ತಗುಲಿತು. ಎಳೆದೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಸ್ಟೀಲ್ ಊಟದ ಡಬ್ಬಿ. ಮುಚ್ಚಳಕ್ಕೆ ಹಿಮ ಕಟ್ಟಿ ಅಂಟಿಕೊಂಡಿತ್ತು.

“ಅದಾ?” ಎಂದ ಫಯಾಜ್, ಮೂಗು ಸಿಂಡರಿಸಿ. “ಅದು ಎಮ್ಮೆ ಬೀಜ ಸಾರ್.”

“ಏನಂದಿ?”

“ಎಮ್ಮೆ ಗಬ್ಬ ಕಟ್ಟಿಸಾಕೆ ಹಾಕ್ತಾರಲ್ಲ ಸಾರ್, ಅದು. ದನದ ಡಾಕ್ಟ್ರ ಕಡೆಯೋನು ಅಂತ ಒಬ್ಬ ಬಂದಿದ್ದ. ಹಾಲಸ್ವಾಮಿ ಅಂತ ಹೆಸರು ಹೇಳಿದ. ಕರೆಂಟ್ ಹೋದ್ರೂ ನಿನ್ನ ಪೆಟ್ಟಿಗೆ ಆರಾಕಿಲ್ಲ, ಜನರೇಟರ್ ಐತೆ, ಹತ್ತು ದಿನ ಇಟ್ಕೊಂಡಿರು ಅಂದ. ಕುಲ್ಫಿ ಕೆಳಗೆ ಎಮ್ಮೆ ಬೀಜ ಇಡೋದಾ ಅಂತ ನಂಗೂ ಅಸಹ್ಯ ಆತು. ಪಾಪ, ರೈತ್ರ ಕೆಲಸ ಅಂತ ಇಟ್ಕೊಂಡೆ.”

ನಮ್ಮ ಠಾಣೆಯ ಅಧಿಕಾರಿ ಅಂಬಿಕಾ ಮೇಡಂ ಗ್ಲೌಸ್ ಹಾಕಿಕೊಂಡು ಮುಚ್ಚಳ ಬಿಚ್ಚಿದರು. ಹತ್ತಿಯ ನಡುವೆ ಸಣ್ಣ ಗಾಜಿನ ಸೀಸೆಗಳು. ಒಂದೊಂದರ ತಳದಲ್ಲೂ ಚಿಟಿಕೆಯಷ್ಟು ಬಿಳಿ ಪುಡಿ. ಹಣೆಪಟ್ಟಿಯ ಮೇಲೆ ಚನ್ನಗಿರಿಯ ಸಂಶೋಧಕಿ ಡಾಕ್ಟರ್ ಸುಮೇರಾ ಅವರ ದುಂಡು ಅಕ್ಷರ.

ನನಗೆ ಅಲ್ಲೇ ಕುಣಿಯಬೇಕು ಅನ್ನಿಸಿತು. ಅವರ ಪ್ರಯೋಗಾಲಯದಿಂದ ಕಳುವಾದ ಈ ಪುಡಿಗಾಗಿ ಎಂಟು ದಿನದಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ಜೀಪು ತಿರುಗಿತ್ತು. ಚೇಳಿನ ವಿಷದ ಈ ಪುಡಿ ಸದಾ ಗಡ್ಡೆ ಕಟ್ಟುವ ಚಳಿಯಲ್ಲಿರಬೇಕು, ಇಲ್ಲದಿದ್ದರೆ ಕೆಡುತ್ತದೆ ಎಂದು ಸುಮೇರಾ ಹೇಳಿದ್ದೇ ತಡ, ಮೇಡಂ ನಾಲ್ಕೂ ಊರಿನ ಮೀನಂಗಡಿ, ಕೂಲ್ ಬಾರ್‌ಗಳ ಪಟ್ಟಿ ಮಾಡಿ ನನ್ನ ಕೈಗಿಟ್ಟಿದ್ದರು. ಹೋದಲ್ಲೆಲ್ಲ ಸುಮ್ಮನೆ ಪೆಟ್ಟಿಗೆ ತೆಗೆಸುವುದು ಹೇಗೆ? ಏನಾದರೊಂದು ಕೊಂಡು ತಿನ್ನಬೇಕಿತ್ತು. ಗಂಟಲು ಕಟ್ಟಿ ಎರಡು ದಿನವಾಗಿತ್ತು.

“ಏಳು,” ಎಂದರು ಮೇಡಂ.

“ದೂರಿನಲ್ಲಿ ಎಂಟು ಅಂತ ಐತೆ ಮೇಡಂ.”

“ಇಲ್ಲಿರೋದು ಏಳು.” ಅವರು ಫಯಾಜನ ಕಡೆ ತಿರುಗಿದರು. “ಆ ಹಾಲಸ್ವಾಮಿ ನೋಡಾಕೆ ಹೆಂಗಿದ್ದ?”

“ಹೆಲ್ಮೆಟ್ಟು, ಮಾಸ್ಕು. ಮುಖ ಕಾಣ್ಲಿಲ್ಲ ಮೇಡಂ. ಎಡಗಾಲು ಎಳೀತಿದ್ದ. ಚಪ್ಪಲಿ ಹಾಕಿದ್ದ, ಒಳಗೆ ಕಾಲುಚೀಲ. ಒಂದೇ ಕಾಲಿಗೆ. ಅದಕ್ಕೇ ನೆನಪೈತೆ.”

ಮೇಡಂ ಮುಖದಲ್ಲಿ ನಾನು ಎಂಟು ದಿನದಿಂದ ಕಾಣದಿದ್ದ ನಗು ಕಾಣಿಸಿತು.

*

ಜೀಪಿನಲ್ಲಿ ಕೂತದ್ದೇ ಅವರು ಮೊಬೈಲ್ ತೆಗೆದು ಒಂದು ಫೋಟೋ ಹುಡುಕಿದರು.

ಆ ಫೋಟೋ ನಮಗೆ ಕಳಿಸಿದ್ದವನು ವಿನಯ್ ಕುಮಾರ್. ಸುಮೇರಾ ಅವರ ಪ್ರಯೋಗಾಲಯದ ವ್ಯವಸ್ಥಾಪಕ, ಎಂ.ಎಸ್ಸಿ. ಓದಿದವನು, ನ್ಯಾಮತಿಯವನು. ಮಾತಿನಲ್ಲಿ ಬೆಣ್ಣೆ. ಕಳುವಾದ ದಿನ ಎಲ್ಲಿದ್ದೆ ಎಂದು ಕೇಳುವ ಮೊದಲೇ, ತಂಗಿಯ ಮನೆಯ ಗೃಹಪ್ರವೇಶದಲ್ಲಿ ಬೆಳಗಿನಿಂದ ಸಂಜೆವರೆಗೆ ಇದ್ದೆ ಎಂದು ಈ ಪಂಕ್ತಿಯ ಫೋಟೋ ಕಳಿಸಿದ್ದ. ಕೇಳದೆ ಸಾಕ್ಷಿ ಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಆದರೆ ಫೋಟೋ ಫೋಟೋನೇ ತಾನೇ? ಬಾಳೆ ಎಲೆ, ಹೋಳಿಗೆ, ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ನಗುತ್ತಿರುವ ವಿನಯ್ ಕುಮಾರ್. ತೆಗೆದ ಸಮಯ ಮಧ್ಯಾಹ್ನ ಎರಡೂ ಕಾಲು.

“ಕಾಲು ನೋಡ್ರಿ, ಬುಡನ್‌ಸಾಬ್ರೇ.”

ಮೇಡಂ ಬೆರಳಿಂದ ಚಿತ್ರ ಹಿಗ್ಗಿಸಿದರು. ಪಂಕ್ತಿಯಲ್ಲಿ ಕೂತ ಅಷ್ಟೂ ಜನ ಬರಿಗಾಲು. ವಿನಯನ ಬಲಗಾಲೂ ಬರಿದು. ಎಡಗಾಲಿಗೆ ಮಾತ್ರ ಬೂದು ಬಣ್ಣದ ಕಾಲುಚೀಲ, ಹಿಮ್ಮಡಿಯಿಂದ ಮೇಲಕ್ಕೆ ಎಳೆದದ್ದು.

“ಹೊಸ ಮನೆ ಹೊಸ್ತಿಲ ದಾಟೋವಾಗ ಯಾರ್ರೀ ಕಾಲುಚೀಲ ಹಾಕ್ತಾರೆ? ಅದೂ ಊಟದ ಪಂಕ್ತಿಗೆ?” ಎಂದರು ಮೇಡಂ. “ಎಂಟು ದಿನದಿಂದ ಈ ಫೋಟೋ ಜೇಬಿನಲ್ಲಿ ಇಟ್ಕೊಂಡು ಓಡಾಡಿದ್ದೀನಿ. ಬರೀ ಟೈಮ್ ನೋಡ್ತಿದ್ದೆ, ಮುಖ ನೋಡ್ತಿದ್ದೆ. ಕಾಲು ನೋಡಿರಲಿಲ್ಲ.”

ನನಗೆ ಒಮ್ಮೆಲೇ ಜಗಳೂರಿನಾಚೆಯ ಹಟ್ಟಿ ಕಣ್ಣಿಗೆ ಬಂತು.

ಆ ಹಟ್ಟಿಯ ಮನೆಯೊಂದರ ಮೇಲೆ ದಾಳಿಗೆ ಹೋದವನು ನಾನೇ. ಗಾದ್ರಮ್ಮನ ಮನೆಯ ಅಟ್ಟದ ಮೇಲಿಂದ ಬಟ್ಟೆ ಕಟ್ಟಿದ ಗಡಿಗೆ ಇಳಿಸಿದವನೂ ನಾನೇ. ಒಳಗೆ ಹತ್ತು ಹದಿನೈದು ಚೇಳು, ಜೊತೆಗೆ ಪ್ರಯೋಗಾಲಯದ ಗುರುತಿದ್ದ ವಿಷ ತೆಗೆಯುವ ಚಿಮಟ. ಹೆಸರು ಹೇಳದ ಯಾರೋ ಠಾಣೆಗೆ ಫೋನ್ ಮಾಡಿ, ಗಾದ್ರಮ್ಮ ಮನೆಯಲ್ಲೇ ಕದ್ದು ವಿಷ ತೆಗೆದು ಮಾರುತ್ತಾಳೆ ಎಂದಿದ್ದರು. ಪ್ರಯೋಗಾಲಯದ ಬೀಗದ ಕೈ ಇದ್ದದ್ದು ಮೂವರ ಬಳಿ: ಸುಮೇರಾ, ವಿನಯ್, ಮತ್ತು ಬೆಳಗಿನ ಮೊದಲ ಬಸ್ಸಿಗೆ ಚೇಳು ತರುತ್ತಿದ್ದ ಈ ಗಾದ್ರಮ್ಮ. ಕಲ್ಲೆತ್ತಿ ಚೇಳು ಹಿಡಿಯುವ, ಸಹಿಯ ಬದಲು ಹೆಬ್ಬೆಟ್ಟು ಒತ್ತುವ ಹೆಂಗಸು. ಮೂವರಲ್ಲಿ ಅನುಮಾನ ಯಾರ ಮೇಲೆ ಬಿತ್ತೆಂದು ಬೇರೆ ಹೇಳಬೇಕೆ?

ಗಡಿಗೆ ತೆರೆದಾಗ ಆಕೆ ತನಗಾಗಿ ಅಳಲಿಲ್ಲ. ಒಳಗೆ ಬೆನ್ನ ತುಂಬ ಬಿಳಿ ಮರಿ ಹೊತ್ತ ಒಂದು ತಾಯಿ ಚೇಳಿತ್ತು. ಅದನ್ನು ನೋಡಿ ಅತ್ತಳು.

“ಮರಿ ಹೊತ್ತ ತಾಯಿನ ನಾನು ಮುಟ್ಟಾಕಿಲ್ಲ ಸಾಹೇಬ್ರೇ. ದೊಡ್ಡವು ಮರಿ ತಿಂತಾವೆ. ಒಂದೇ ಗಡಿಗೇಲಿ ಹಾಕ್ಯಾರಲ್ಲ, ಯಾವ ಪಾಪಿಗಳು...”

ನಾಟಕ ಅಂದುಕೊಂಡೆ. ಅದಕ್ಕಿಂತ ಹೆಚ್ಚಿನ ತಪ್ಪು ಇನ್ನೊಂದಿತ್ತು. ಮನೆಯ ಹಿಂದಿನ ಕಲ್ಲುಗುಡ್ಡೆಯಲ್ಲಿ ಏಳೆಂಟು ಕಲ್ಲುಗಳು ಮಗುಚಿ ಬಿದ್ದಿದ್ದವು. ತೇವದ ಮಣ್ಣು ಮೆತ್ತಿದ ಹೊಟ್ಟೆ ಆಕಾಶ ನೋಡುತ್ತಿತ್ತು. ಕಣ್ಣಾರೆ ಕಂಡು ದಾಟಿ ಬಂದಿದ್ದೆ. ಗಾದ್ರಮ್ಮ ಕಲ್ಲೆತ್ತಿದರೆ ಇದ್ದ ಹಾಗೇ, ಇದ್ದ ಮಗ್ಗುಲಿಗೇ ಇಡುತ್ತಾಳೆ. ಮಗುಚಿ ಬಿಟ್ಟರೆ ಕೆಳಗಿನ ತಂಪು ಆರಿ ಆ ಜಾಗಕ್ಕೆ ಮತ್ತೆ ಚೇಳು ಬರುವುದಿಲ್ಲ. ಅದು ಅವಳ ಅನ್ನದ ಕಲ್ಲು. ಈ ಮಾತನ್ನು ಮೇಡಂ ಎರಡು ದಿನ ಬಿಟ್ಟು ಅಲ್ಲಿ ಹೋಗಿ ತಿಳಿದು ಬಂದು ನನಗೆ ಹೇಳಿದಾಗ, ನಾನು ಟೀ ಲೋಟ ಕೆಳಗಿಟ್ಟು ಹೊರಗೆ ಹೋಗಿ ನಿಂತಿದ್ದೆ.

“ಅವತ್ತು ಗಡಿಗೆಗೆ ಚೇಳು ತುಂಬಾಕೆ ಕಲ್ಲು ಮಗುಚಿದವನಿಗೆ ಚೇಳು ಕಚ್ಚೈತೆ ಮೇಡಂ,” ಎಂದೆ. “ಎಡಗಾಲಿಗೆ.”

“ಕಚ್ಚಿದ ಮೇಲೆ ಆ ಹಟ್ಟೀಲಿ ಯಾರ ಮನೆಗೆ ಓಡ್ತಾನೆ?”

ಹೇಳಬೇಕಾಗಿರಲಿಲ್ಲ. ಗಾದ್ರಮ್ಮನ ಅಕ್ಕ ದುರುಗಕ್ಕ. ಎಪ್ಪತ್ತು ದಾಟಿದ ಮುದುಕಿ, ಎರಡೂ ಕಣ್ಣಿಗೆ ಪೊರೆ ಬಂದು ನೆರಳಷ್ಟೇ ಕಾಣುತ್ತದೆ. ಸುತ್ತ ಹತ್ತು ಹಳ್ಳಿಯಲ್ಲಿ ಯಾರಿಗೆ ಚೇಳು ಕಚ್ಚಿದರೂ ಮೊದಲು ಇವಳ ಬಾಗಿಲಿಗೆ. ಕರಿ ಉಣ್ಣೆಯ ದಾರಕ್ಕೆ ಒಂಬತ್ತು ಗಂಟು ಹಾಕಿ ಕಚ್ಚಿದ ಜಾಗದ ಮೇಲೆ ಕಟ್ಟುತ್ತಾಳೆ, ಕಟ್ಟಿದ ಮರುಕ್ಷಣ ಅವರನ್ನು ಆಟೋ ಹತ್ತಿಸಿ ಆಸ್ಪತ್ರೆಗೆ ಅಟ್ಟುತ್ತಾಳೆ. ಬೈದಾದರೂ ಅಟ್ಟುತ್ತಾಳೆ. ಒಂಬತ್ತನೆಯ ದಿನ ಅವರು ಬರಬೇಕು, ಕಟ್ಟಿದ ಕೈಯೇ ಗಂಟು ಬಿಚ್ಚಬೇಕು. ಕಾಸು ಮುಟ್ಟುವುದಿಲ್ಲ. ಇನ್ನೊಂದು ಕಟ್ಟಳೆ: ಗಂಟು ಬಿಚ್ಚುವವರೆಗೆ ಬಂದವರ ಸುದ್ದಿ ಯಾರ ಮುಂದೆಯೂ ಬಾಯಿಬಿಡುವುದಿಲ್ಲ.

ಕಲ್ಲಿನ ಸುದ್ದಿ ತಿಳಿದ ದಿನವೇ, ಅವತ್ತು ಹಿತ್ತಲಿಗೆ ಯಾರು ಬಂದಿದ್ದರೆಂದು ಕೇಳುತ್ತ ಮೇಡಂ ಆಕೆಯ ಮುಂದೆ ಅರ್ಧ ದಿನ ಕೂತಿದ್ದರು. ನಿನ್ನ ತಂಗಿ ಜೈಲಿಗೆ ಹೋಗ್ತಾಳೆ ಅಜ್ಜಿ ಎಂದರು. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಂದೇ ಮಾತು ಹೇಳಿದ್ದಳು: “ಕಡಿಸ್ಕೊಂಡು ಬಂದೋರ ಸುದ್ದಿ ನಾನು ಆಡಾಕಿಲ್ಲ. ಗಾದ್ರಿಗೂ ಗೊತ್ತೈತೆ. ಆಕೇನೂ ಕೇಳಾಕಿಲ್ಲ.” ನಿಜ, ಗಾದ್ರಮ್ಮ ಕೇಳಿರಲೇ ಇಲ್ಲ. ಇಂಥ ಅಕ್ಕತಂಗಿಯರನ್ನು ಕಟ್ಟಿಕೊಂಡು ಪೊಲೀಸರು ಕೇಸು ಬಗೆಹರಿಸುವುದು ಹೇಗೆ, ನೀವೇ ಹೇಳಿ.

“ನಾಳೆಗೆ ಒಂಬತ್ತು ದಿನ,” ಎಂದರು ಮೇಡಂ, ಹೊರಗೆ ಸರಿಯುವ ಭತ್ತದ ಗದ್ದೆ ನೋಡುತ್ತ.

ನಾಳೆ ಸಂಜೆಗೆ ಇನ್ನೊಂದು ಗಡುವೂ ಇತ್ತು. ಅಷ್ಟರೊಳಗೆ ಗಾದ್ರಮ್ಮನನ್ನು ಬಂಧಿಸಿ ಕೋರ್ಟಿಗೆ ಹಾಜರುಪಡಿಸಬೇಕೆಂದು ಮೇಲಿನ ಸಾಹೇಬರ ಆದೇಶ ಬಂದಿತ್ತು.

*

ಮರುದಿನ ಹನ್ನೊಂದು ಗಂಟೆಗೆ ಎಲ್ಲರೂ ಚನ್ನಗಿರಿಯ ಪ್ರಯೋಗಾಲಯದಲ್ಲಿ ಸೇರಿದ್ದೆವು.

ದೊಡ್ಡ ಕಟ್ಟಡವೆಂದುಕೊಳ್ಳಬೇಡಿ. ಹಳೆಯ ಹಂಚಿನ ಗೋದಾಮಿಗೆ ಸುಣ್ಣ ಬಳಿದು ಎರಡು ಕೋಣೆ ಮಾಡಿದ್ದಾರೆ. ಒಂದರಲ್ಲಿ ಮರಳು ಹಾಸಿದ ಡಬ್ಬಿಗಳು, ಡಬ್ಬಿಗೊಂದು ಚೇಳು. ಇನ್ನೊಂದರಲ್ಲಿ ಯಂತ್ರಗಳು. ಚಿಕ್ಕಂದಿನಲ್ಲಿ ಬಸವಾಪಟ್ಟಣದ ನಮ್ಮ ಮನೆಯ ಸೌದೆ ಒಟ್ಟಿನಲ್ಲಿ ಕಚ್ಚಿಸಿಕೊಂಡು ಒಂದು ಹಗಲೆಲ್ಲ ಕಿರುಚಿದವನು ನಾನು. ಮೊದಲ ಕೋಣೆಯ ಬಾಗಿಲು ದಾಟುವುದಿಲ್ಲ, ಮೇಡಂ ಬೈದರೂ ಅಷ್ಟೇ.

ಗಾದ್ರಮ್ಮ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ಪಕ್ಕದಲ್ಲಿ ದುರುಗಕ್ಕ, ಕೋಲು ಮಡಿಲಲ್ಲಿಟ್ಟುಕೊಂಡು. ಮುದುಕಿಯನ್ನು ಕರೆತರಲು ಬೆಳಗ್ಗೆ ಜೀಪು ತೆಗೆದುಕೊಂಡು ಹೋದಾಗ ಬರುವುದಿಲ್ಲವೆಂದು ಹಟ ಮಾಡುತ್ತಾಳೆ ಎಂದುಕೊಂಡಿದ್ದೆ. “ಬರ್ತೀನಿ ನಡಿ. ನಂಗೂ ಅಲ್ಲಿ ಕೆಲಸ ಐತೆ,” ಎಂದು ತಾನೇ ಎದ್ದು ಬಂದಿದ್ದಳು.

ಸುಮೇರಾ ಒಳಕೋಣೆಯ ಗಾಜಿನ ಬಾಗಿಲಿನ ಪೆಟ್ಟಿಗೆಯ ಮುಂದೆ ನಮಗೆ ಬೆನ್ನು ಮಾಡಿ ನಿಂತಿದ್ದರು. ನಲ್ಲೂರಿನ ಹುಡುಗಿ. ಮೈತುಂಬ ಬಿಳಿ ಕೋಟು, ಎರಡೂ ಕೈಗೆ ನೀಲಿ ಗ್ಲೌಸ್. ನಿನ್ನೆ ಮೇಡಂ ಪಂಚನಾಮೆ ಮಾಡಿಸಿ ಒಂದು ಸೀಸೆಯಿಂದ ಕಾಳಿನಷ್ಟು ಪುಡಿ ಕೊಟ್ಟಿದ್ದರು, ಅಸಲಿ ವಿಷ ಹೌದೋ ಅಲ್ಲವೋ ಗುರುತಿಸಲು. ಅದರ ಫಲ ಆ ಪೆಟ್ಟಿಗೆಯೊಳಗೆ ಬೆಚ್ಚಗೆ ಕೂತಿತ್ತು. ನಾವು ಬಂದಾಗ ಆಕೆ ತಲೆಯಾಡಿಸಿದರು, ಮಾತಾಡಲಿಲ್ಲ.

ನಿನ್ನೆ ಮಾತ್ರ ಚೆನ್ನಾಗಿ ಮಾತಾಡಿದ್ದರು. “ಗಾದ್ರಮ್ಮ ನನಗೆ ತಾಯಿ ಇದ್ದಂಗೆ ಸರ್. ಮೂರು ವರ್ಷದಿಂದ ಚೇಳು ತಂದುಕೊಡ್ತಾರೆ. ನಾಚಿಕೆ ಆಗುತ್ತೆ, ನಾನಿನ್ನೂ ಅವರ ಊರೇ ನೋಡಿಲ್ಲ,” ಎಂದಿದ್ದರು. ಒಳ್ಳೆಯ ಹುಡುಗಿ ಅನ್ನಿಸಿತ್ತು.

ವಿನಯ್ ಕುಮಾರ್ ಬಂದ. ಇಸ್ತ್ರಿ ಶರ್ಟು, ಮುಖದಲ್ಲಿ ಮರುಕ. ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಬಿಟ್ಟು ಪ್ರಯೋಗಾಲಯದ ಸ್ಲಿಪ್ಪರ್ ಹಾಕಿಕೊಳ್ಳಬೇಕು. ಅವನು ಬೂಟು ಬಿಚ್ಚಿ ಸ್ಲಿಪ್ಪರಿಗೆ ಕಾಲಿಟ್ಟ. ಎರಡೂ ಕಾಲಿಗೆ ಕಾಲುಚೀಲ ಇತ್ತು. ಅಷ್ಟರ ಮಟ್ಟಿಗೆ ಬುದ್ಧಿ ಕಲಿತಿದ್ದ.

“ಪಾಪ, ಗಾದ್ರಮ್ಮನ್ನ ನೋಡಿದ್ರೆ ಸಂಕಟ ಆಗುತ್ತೆ ಮೇಡಂ,” ಎಂದ, ಕೂರುತ್ತಲೇ. “ಬಡತನ ಏನು ಬೇಕಾದ್ರೂ ಮಾಡಿಸುತ್ತೆ. ಸ್ವಲ್ಪ ಮೃದುವಾಗಿ ನೋಡಿ.”

ಗಾದ್ರಮ್ಮ ತಲೆ ಎತ್ತಲಿಲ್ಲ. ನನ್ನ ಕೈ ತುರಿಸಿತು. ಹಾಗೇ ಹಿಂದೆ ಕಟ್ಟಿಕೊಂಡೆ.

“ಒಂದು ವಿಷಯ ತಿಳಿಸಿ ವಿನಯ್,” ಎಂದರು ಮೇಡಂ. “ಈ ಪುಡಿಗೆ ಅಷ್ಟೊಂದು ಬೆಲೆ ಯಾಕೆ? ನಮ್ಮ ಬುಡನ್‌ಸಾಬ್ರಿಗೆ ಅರ್ಥ ಆಗೋ ಹಂಗೆ ಹೇಳಿ.”

ನನ್ನ ಹೆಸರು ಮಧ್ಯೆ ತರುವ ಅಗತ್ಯವೇನಿತ್ತೋ! ಆದರೆ ಅವನು ಅರಳಿದ. ವಿವರಿಸುವುದೆಂದರೆ ಅವನಿಗೆ ಬಲು ಇಷ್ಟ.

“ನೋಡಿ ಸರ್, ಚೇಳಿನ ವಿಷ ಅಂದ್ರೆ ಒಂದೇ ವಸ್ತು ಅಲ್ಲ. ನೂರಾರು ಪದಾರ್ಥ ಇರುತ್ತೆ. ಕೆಲವು ನರಕ್ಕೆ ನೋವು ಕೊಡೋವು. ಕೆಲವು ಸಣ್ಣ ಪ್ರೋಟೀನ್ ತುಣುಕು, ಪೆಪ್ಟೈಡ್ ಅಂತೀವಿ. ಅವು ರೋಗಾಣುವಿನ ಮೈಪೊರೆಗೆ ಹೋಗಿ ತೂತು ಹೊಡೆಯುತ್ತವೆ. ಈಗ ಆ್ಯಂಟಿಬಯಾಟಿಕ್ ಮಾತ್ರೆಗೆ ರೋಗಾಣು ಬಗ್ತಾ ಇಲ್ಲ. ನ್ಯಾಮತೀಲೇ ಒಬ್ಬ ರೋಗಿಯ ಕಾಲಿನ ಹುಣ್ಣು, ಸಕ್ಕರೆ ಕಾಯಿಲೆ, ಯಾವ ಔಷಧಕ್ಕೂ ಮಾಯಲಿಲ್ಲ. ಆ ಹುಣ್ಣಿನ ರೋಗಾಣು ಮೇಲೇ ನಾವು ಪರೀಕ್ಷೆ ಮಾಡ್ತಿರೋದು. ಗೆದ್ದರೆ ಹೊಸ ಔಷಧಿಗೆ ದಾರಿ.”

“ಅಂದ್ರೆ ಕಚ್ಚಿಸ್ಕೊಂಡ್ರೆ ಒಳ್ಳೇದಾ?” ಎಂದೆ, ಬೇಕಂತಲೇ.

ಅವನು ನಕ್ಕ. “ಇಲ್ಲ ಸರ್. ಬೇಕಾದ ತುಣುಕು ಮಾತ್ರ ಬೇರೆ ಮಾಡಬೇಕು. ಕಚ್ಚಿದ್ರೆ ನೇರ ಆಸ್ಪತ್ರೆ. ಮಂತ್ರ, ದಾರ, ತಾಯಿತ, ಇವೆಲ್ಲ ಮೂಢನಂಬಿಕೆ.”

“ಸರಿಯಾಗಿ ಹೇಳಿದ್ರಿ,” ಎಂದರು ಮೇಡಂ. ಮೊಬೈಲನ್ನು ಮೇಜಿನ ಮೇಲಿಟ್ಟು ಅವನ ಕಡೆ ತಿರುಗಿಸಿದರು. “ಗೃಹಪ್ರವೇಶದ ಊಟಕ್ಕೆ ಒಂದು ಕಾಲಿಗೆ ಕಾಲುಚೀಲ ಯಾಕ್ರೀ ಹಾಕಿದ್ರಿ?”

ಅವನು ಫೋಟೋ ನೋಡಿದ. ಬಹಳ ಹೊತ್ತು ನೋಡಿದ.

“ಕಾಲು ಉಳುಕಿತ್ತು.”

“ಉಳುಕಿದ್ದಾ?”

“ಚರ್ಮದ ಅಲರ್ಜಿ. ಎರಡೂ ಇತ್ತು ಮೇಡಂ.”

“ಬಿಚ್ಚಿ ತೋರಿಸ್ತೀರಾ?”

“ಯಾಕೆ ತೋರಿಸಬೇಕು?” ದನಿ ಗಟ್ಟಿಯಾಯಿತು. “ನಾನೇನು ಆರೋಪಿನಾ? ವಕೀಲರ ಹತ್ತಿರ ಮಾತಾಡಿ. ಕಳ್ಳಿ ಮುಂದೆ ಕೂತಿದ್ದಾಳೆ, ಗಡಿಗೆ ಸಿಕ್ಕಿದೆ, ಚಿಮಟ ಸಿಕ್ಕಿದೆ. ನನ್ನ ಕಾಲು ನೋಡೋ ಹಟ ಯಾಕೆ ನಿಮಗೆ?”

ಒತ್ತಾಯ ಮಾಡುತ್ತಾರೆಂದು ಕಾದೆ. ಮೇಡಂ ಮಾಡಲಿಲ್ಲ. ಕುರ್ಚಿಗೆ ಒರಗಿ, “ನಿಮ್ಮಿಷ್ಟ,” ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ, “ಅಜ್ಜಿ, ಇವತ್ತಿಗೆ ಎಷ್ಟು ದಿನ ಆತು?” ಎಂದರು.

“ಒಂಬತ್ತು,” ಎಂದಳು ದುರುಗಕ್ಕ.

ವಿನಯನ ಕೈ ಮೇಜಿನ ಮೇಲೆ ನಿಂತುಹೋಯಿತು. ಮುದುಕಿ ಒಳಗೆ ಕೂತದ್ದನ್ನು ಅವನು ನೋಡಿದ್ದ. ಗಾದ್ರಮ್ಮನ ಜೊತೆ ಅಳಲು ಬಂದವಳು ಎಂದುಕೊಂಡು ಮುಖ ತಿರುಗಿಸಿದ್ದನೇನೋ. ಈಗ ದನಿ ಕೇಳಿ ಗುರುತು ಸಿಕ್ಕಿತು.

“ಒಂಬತ್ತನೇ ದಿನ ಬಿಚ್ಚದೇ ಇದ್ರೆ ಏನಾಗ್ತೈತೆ ಅಜ್ಜಿ?”

“ನಮ್ಮವ್ವ ಹೇಳ್ತಿದ್ಲು, ಇಳಿದಿದ್ದು ಮತ್ತೆ ಏರ್ತೈತೆ ಅಂತ. ನಾನು ಕಂಡಿಲ್ಲಪ್ಪ. ಬಿಚ್ಚಿಸ್ಕೊಳ್ಳದೇ ಇದ್ದೋರು ಇಲ್ಲೀತನಕ ಯಾರೂ ಇಲ್ಲ.”

ಗಾದ್ರಮ್ಮ ಮೊದಲ ಸಲ ತಲೆ ಎತ್ತಿ ಅಕ್ಕನ ಮುಖ ನೋಡಿದಳು.

ಮೇಡಂ ಗಡಿಯಾರ ನೋಡಿದರು. “ಜಗಳೂರು ಕಡೆ ಬಸ್ ಎಷ್ಟೊತ್ತಿಗೆ ಬುಡನ್‌ಸಾಬ್ರೇ?”

“ಇನ್ನು ಹತ್ತು ನಿಮಿಷಕ್ಕೆ ಮೇಡಂ. ಅದು ಬಿಟ್ರೆ ಸಂಜೆ,” ಎಂದೆ. ಬಸ್ಸಿನ ನಿಜ ಸಮಯ ನನಗೂ ಗೊತ್ತಿರಲಿಲ್ಲ, ಅಲ್ಲಾಹ್ ಕ್ಷಮಿಸಲಿ.

“ಹಂಗಾದ್ರೆ ಅಜ್ಜಿನ ಹತ್ತಿಸಿ ಬನ್ನಿ. ಇಲ್ಲಿ ಅವರಿಗೆ ಏನೂ ಕೆಲಸ ಇಲ್ಲ.”

ದುರುಗಕ್ಕ ಕೋಲೂರಿ ಎದ್ದಳು. ಒಂದು ಹೆಜ್ಜೆ. ಎರಡು ಹೆಜ್ಜೆ. ಕೋಲು ನೆಲಕ್ಕೆ ಟಕ್ಕೆಂದಿತು. ಹೊಸ್ತಿಲ ಹತ್ತಿರ ಬಂದಳು. ನಾನು ಅವಳ ತೋಳು ಹಿಡಿದೆ.

“ಅಜ್ಜೀ!”

ಕುರ್ಚಿ ಹಿಂದಕ್ಕೆ ಬಿತ್ತು. ಎಂ.ಎಸ್ಸಿ. ವಿನಯ್ ಕುಮಾರ್ ಎದ್ದು ನಿಂತಿದ್ದ. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

“ಹೋಗಬೇಡ ಅಜ್ಜಿ. ನಿಂತ್ಕೊ. ಬಿಚ್ಚಿ ಹೋಗು.”

ಯಾರೂ ಕೇಳಲಿಲ್ಲ, ಯಾರೂ ಎಳೆಯಲಿಲ್ಲ. ಅವನಾಗಿಯೇ ನೆಲದ ಮೇಲೆ ಕೂತು, ಕಾಲುಚೀಲ ಕಿತ್ತು, ಎಡಗಾಲು ಮುಂದೆ ಚಾಚಿದ. ಹಿಮ್ಮಡಿಯ ಮೇಲೆ ಕರಿ ಉಣ್ಣೆಯ ದಾರ. ಒಂಬತ್ತು ಗಂಟು. ಒಂಬತ್ತು ದಿನ ಮೀಯುವಾಗಲೂ ಜೋಪಾನ ಮಾಡಿದ್ದಿರಬೇಕು, ಒಂದು ಎಳೆಯೂ ಬಿಟ್ಟಿರಲಿಲ್ಲ. ಪಕ್ಕದಲ್ಲಿ ಚೇಳಿನ ಕೊಂಡಿ ಇಳಿದ ಗುರುತು ಇನ್ನೂ ಕಪ್ಪಗಿತ್ತು.

ನಗಬಾರದೆಂದುಕೊಂಡೆ. ಚಿಕ್ಕಂದಿನಲ್ಲಿ ನಮ್ಮವ್ವ ಇಮಾಮ್‌ಬೀ ನನಗೂ ಹೀಗೇ ದಾರ ಕಟ್ಟಿಸಿದ್ದಳು, ಬಿಚ್ಚುವವರೆಗೆ ನಾನೂ ನಿದ್ದೆ ಮಾಡಿರಲಿಲ್ಲ. ಆದರೂ ನಗು ತಡೆಯಲಾಗಲಿಲ್ಲ. ಚೆನ್ನಾಗಿಯೇ ನಕ್ಕೆ.

ದುರುಗಕ್ಕ ಕೂತು ಬೆರಳಿಂದ ಗಂಟು ತಡವಿದಳು. ಒಂದೊಂದೇ ಬಿಚ್ಚಿದಳು. ಒಂಬತ್ತನೆಯದು ಬಿಚ್ಚಿದ ಮೇಲೆ ದಾರವನ್ನು ಅಂಗೈಯಲ್ಲಿ ಮುದ್ದೆ ಮಾಡಿ, ಮೊದಲ ಸಲ ಜೋರಾಗಿ ಮಾತಾಡಿದಳು.

“ಈಗ ಹೇಳ್ತೀನಿ ಕೇಳಮ್ಮ. ಅವತ್ತು ಹೊತ್ತು ಮೂಡ್ತಿದ್ದಂಗೇ ಇವನು ನಮ್ಮ ಮನೆ ಹಿತ್ತಲಿಂದ ಕುಂಟ್ತಾ ಬಂದ. ಯಾವ ಕಲ್ಲು ಅಂದೆ. ಹಿತ್ತಲ ಕಲ್ಲುಗುಡ್ಡೆ ಅಂದ. ಮಗುಚಿದ ಕಲ್ಲು ಮುಚ್ಚಿ ಬಾರಪ್ಪ ಅಂದ್ರೆ ಮುಚ್ಚದೇ ಓಡಿದ. ಗಾದ್ರಿ ಆಗ ಬಸ್ಸಿಗೆ ಹೋಗಿದ್ಲು. ಇವನು ಗಡಿಗೆ ಇಟ್ಟಿದ್ದು ನಂಗೆ ಕಾಣಲಿಲ್ಲ. ಕಣ್ಣಿದ್ರೆ ತಾನೇ?”

ಆಮೇಲೆ ಎಲ್ಲ ಸಲೀಸು. ನಾನು ಸ್ಟೀಲ್ ಡಬ್ಬಿ ತಂದು ಮೇಜಿನ ಮೇಲಿಟ್ಟೆ. ಅವನು ನೋಡಿ ಮುಖ ಮುಚ್ಚಿಕೊಂಡ. ಔಷಧ ಕಂಪನಿಯ ಯಾರಿಗೋ ತನ್ನದೇ ಸಂಶೋಧನೆ ಎಂದು ತೋರಿಸುವ ಆಸೆ. ತನ್ನ ಹೆಸರಿನಲ್ಲಿ ಪೇಟೆಂಟ್, ತನ್ನ ಹೆಸರಿನಲ್ಲಿ ಲ್ಯಾಬು. ಕಳವನ್ನು ಹೊರಲು ಓದುಬರಹ ಬಾರದ ಒಂದು ಹೆಗಲು ಬೇಕಿತ್ತು.

“ಎಂಟನೇ ಸೀಸೆ ಎಲ್ಲಿ?” ಎಂದರು ಮೇಡಂ.

“ನಾನು ತಗೊಂಡಾಗ ಇದ್ದಿದ್ದೇ ಏಳು ಮೇಡಂ. ದೇವರಾಣೆ. ಇನ್ನು ಸುಳ್ಳು ಹೇಳಿ ಏನು ಮಾಡಲಿ?”

ಕಳ್ಳರ ಆಣೆ ನಾನು ಬಹಳ ಕೇಳಿದ್ದೇನೆ. ಕಿವಿಗೆ ಹಾಕಿಕೊಳ್ಳಲಿಲ್ಲ.

ಗಾದ್ರಮ್ಮನ ಮುಂದೆ ಹೋಗಿ ನಿಂತೆ. ಟೋಪಿ ತೆಗೆದೆ. ಮೂವತ್ತೊಂದು ವರ್ಷದಲ್ಲಿ ಯಾರ ಮುಂದೆಯೂ ಆಡದ ಮಾತು ಆಡಿದೆ.

“ತಪ್ಪಾತು ಗಾದ್ರಮ್ಮ. ಮಗುಚಿದ ಕಲ್ಲು ನಾನು ನೋಡ್ದೆ. ನೋಡಿನೂ ನಿನ್ನನ್ನೇ ಕಳ್ಳಿ ಅಂದೆ.”

ಆಕೆ ನನ್ನನ್ನೇ ದಿಟ್ಟಿಸಿದಳು. “ಆ ತಾಯಿ ಚೇಳು ಬದುಕೈತಾ ಸಾಹೇಬ್ರೇ?”

“ಐತೆ. ಬೇರೆ ಡಬ್ಬೀಲಿ ಹಾಕಿಸೀನಿ. ಮರಿ ಹದಿನೇಳು ಉಳಿದಾವೆ.” ಎಣಿಸಿದ್ದು ನಾನಲ್ಲ, ಆದರೆ ಪ್ರತಿದಿನ ಕೇಳಿ ತಿಳಿದುಕೊಳ್ಳುತ್ತಿದ್ದೆ.

“ಹಂಗಾದ್ರೆ ಸಾಕು ಬಿಡಿ,” ಎಂದು ನಕ್ಕಳು. ಆ ನಗು ನೋಡಿ ನನ್ನ ಕಣ್ಣು ತುಂಬಿತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಅಷ್ಟರಲ್ಲಿ ಒಳಗಿನಿಂದ ಕೂಗು ಬಂತು.

“ಗಾದ್ರಮ್ಮಾ! ಬನ್ನಿ, ಬೇಗ ಬನ್ನಿ! ನೋಡಿ ಇಲ್ಲಿ!”

ಸುಮೇರಾ ಗಾಜಿನ ತಟ್ಟೆಯೊಂದನ್ನು ಬೆಳಕಿಗೆ ಹಿಡಿದು ಓಡಿಬಂದರು. ತಟ್ಟೆಯ ತುಂಬ ಮಂಜು ಮುಸುಕಿದಂಥ ಪದರ. ಅದೇ ನ್ಯಾಮತಿಯ ಹುಣ್ಣಿನ ರೋಗಾಣು, ಕೋಟಿಗಟ್ಟಲೆ. ಅಂಚಿನಲ್ಲಿ ಆ್ಯಂಟಿಬಯಾಟಿಕ್ ಔಷಧ ಹೀರಿಸಿದ ನಾಲ್ಕು ಬಿಲ್ಲೆಗಳು, ಅವುಗಳ ಸುತ್ತಲೂ ರೋಗಾಣು ಯಾವ ಅಳುಕೂ ಇಲ್ಲದೆ ಬೆಳೆದಿತ್ತು. ನಟ್ಟನಡುವೆ ಮಾತ್ರ, ಪುಡಿ ಕರಗಿಸಿದ ಒಂದು ಹನಿ ಬಿದ್ದ ಕಡೆ, ಎಂಟಾಣೆ ಅಗಲದ ತಿಳಿ ವೃತ್ತ. ಅಲ್ಲಿ ಏನೂ ಇರಲಿಲ್ಲ. ಒರೆಸಿ ಇಟ್ಟಂತೆ ಖಾಲಿ.

“ಎಲ್ಲಾ ಸತ್ತಿದಾವೆ,” ಎಂದರು ಸುಮೇರಾ. “ಎಂಟು ದಿನ ಐಸ್‌ಕ್ರೀಮ್ ಕೆಳಗೆ ಇದ್ರೂ ಕೆಟ್ಟಿಲ್ಲ. ಔಷಧಿ ಆಗೋಕೆ ಇನ್ನೂ ವರ್ಷಗಟ್ಟಲೆ ಕೆಲಸ ಇದೆ, ಇಲಿ ಮೇಲೆ, ಆಮೇಲೆ ಮನುಷ್ಯರ ಮೇಲೆ. ಆದ್ರೆ ಇದು ಕೆಲಸ ಮಾಡುತ್ತೆ ಗಾದ್ರಮ್ಮ!”

ಗಾದ್ರಮ್ಮ ತಟ್ಟೆಯ ಮೇಲೆ ಬಾಗಿದಳು.

“ಇದು ನನ್ನ ಚೇಳು ಮಾಡಿದ್ದಾ?”

“ನಿಮ್ಮ ಚೇಳೇ. ಕಾಗದದಲ್ಲಿ ನಿಮ್ಮ ಹೆಸರೂ ಹಾಕಿಸ್ತೀನಿ.”

ಮೇಡಂ ಸಾಹೇಬರಿಗೆ ಫೋನ್ ಮಾಡಿ ಎರಡೇ ಮಾತಲ್ಲಿ ವರದಿ ಒಪ್ಪಿಸಿದರು. ಬಂಧನ ಆಗುತ್ತದೆ ಸರ್, ಆದರೆ ಬೇರೆಯವರದು. ನಾನು ಮೊದಲೇ ತಂದು ಜೀಪಿನಲ್ಲಿ ಇಟ್ಟಿದ್ದ ಪೇಡೆಯ ಪೊಟ್ಟಣ ಬಿಚ್ಚಿದೆ. ಸುಮೇರಾ ಬಲಗೈಯ ಗ್ಲೌಸ್ ಕಿತ್ತೆಸೆದು, ಒಂದು ಪೇಡೆ ತೆಗೆದು, ತಮ್ಮ ಕೈಯಾರೆ ಗಾದ್ರಮ್ಮನ ಬಾಯಿಗಿಟ್ಟರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದೆವು. ಇಷ್ಟು ಸಂತೋಷದ ದಿನ ನಮ್ಮ ಠಾಣೆಯ ಪಾಲಿಗೆ ಅಪರೂಪ.

ದುರುಗಕ್ಕ ಒಬ್ಬಳೇ ಪೇಡೆ ತೆಗೆದುಕೊಂಡಿರಲಿಲ್ಲ. ತಲೆ ಓರೆ ಮಾಡಿ ಏನನ್ನೋ ಆಲಿಸುತ್ತಿದ್ದಳು.

“ಗಾದ್ರಿ, ಈಗ ಮಾತಾಡಿದ್ದು ಯಾರೇ?”

“ಅವ್ರೇ ಅಕ್ಕಾ, ನಮ್ಮ ಡಾಕ್ಟ್ರಮ್ಮ. ಸುಮೇರಾ ಮೇಡಂ.”

“ಹೌದಾ.” ಮುದುಕಿ ಕೋಲೂರಿ ಎದ್ದಳು. “ಅಂಬಿಕಮ್ಮ, ಇಲ್ಲಿ ಕೆಲಸ ಐತೆ ಅಂತ ನಾನು ಬಂದಿದ್ದು ಒಂದು ದಾರಕ್ಕಲ್ಲ. ಅವತ್ತು ಎರಡು ಕಟ್ಟೀನಿ.”

ಮೇಡಂ ಅವರ ಕೈಯ ಪೇಡೆ ಬಾಯಿಯ ಹತ್ತಿರವೇ ನಿಂತಿತು.

“ಎರಡನೇದು ಯಾರಿಗೆ ಅಜ್ಜಿ?”

“ಬಿಚ್ಚದೇ ಹೆಂಗೆ ಹೇಳ್ಲಿ? ಇವನು ಹೋದ ಮೇಲೆ ಬಂದ್ರು. ಅದೇ ಕಲ್ಲುಗುಡ್ಡೆ. ಕಾಲಿಗಲ್ಲ, ಕೈಗೆ.”

ವಿನಯ್ ಕುಮಾರ್ ತಲೆ ಎತ್ತಿದ. ಬಾಯಿ ತೆರೆದೇ ಇತ್ತು. ಅವನಿಗೂ ಇದು ಹೊಸ ಸುದ್ದಿ ಎಂಬುದು ಮುಖದಲ್ಲೇ ಕಾಣುತ್ತಿತ್ತು.

ನಾನು ಸುಮೇರಾ ಅವರ ಕಡೆ ನೋಡಿದೆ. ಬಲಗೈ ಬರಿದು, ಪೇಡೆಯ ಪುಡಿ ಅಂಟಿತ್ತು. ಎಡಗೈಯ ನೀಲಿ ಗ್ಲೌಸ್ ಹಾಗೇ ಇತ್ತು, ಕೋಟಿನ ತೋಳಿನೊಳಗೆ ಮಣಿಕಟ್ಟು ಮುಚ್ಚುವಂತೆ ಎಳೆದು ಸಿಕ್ಕಿಸಿದ್ದು. ಅವರ ಊರೇ ನೋಡಿಲ್ಲ ಎಂದ ಆಕೆಯ ಮಾತೂ, ಇದ್ದದ್ದೇ ಏಳು ಎಂದ ವಿನಯನ ಆಣೆಯೂ ಒಟ್ಟಿಗೆ ನೆನಪಾದವು.

ಕೋಲಿನ ಸದ್ದು ಕೋಣೆ ದಾಟಿ, ನನ್ನನ್ನು ದಾಟಿ, ಗಾದ್ರಮ್ಮನನ್ನು ದಾಟಿ ಹೋಗಿ ನಿಂತಿತು. ದುರುಗಕ್ಕ ಬರಿಯ ಅಂಗೈ ಮುಂದೆ ಚಾಚಿದಳು.

“ಒಂಬತ್ತು ದಿನ ಆತು ತಾಯಿ. ಕೈ ಕೊಡು.”